ಕುಂಡದ ಮಣ್ಣಿನಲ್ಲಿ ಎದ್ದ ಅಣಬೆ



ಶ್ರಾವಣ ಮಾಸದ ಈ ಪ್ರವಚನಮಾಲೆಯಲ್ಲಿ ದಿನಕ್ಕೊಂದು ದೊಡ್ಡ ವಿಷಯವನ್ನು ಎತ್ತಿಕೊಂಡು ಮಾತನಾಡುತ್ತ ಬಂದಿದ್ದೇವೆ. ಇಂದಿನದು ಬಹಳ ಸಣ್ಣ ವಿಷಯ. ಅದರ ಎತ್ತರ ನಾಲ್ಕು ಬೆರಳು, ಅದರ ಆಯುಸ್ಸು ಎರಡು ಮೂರು ದಿನ. ಮನೆಯೊಳಗೆ ಇಟ್ಟ ಹೂಕುಂಡದ ಮಣ್ಣಿನಲ್ಲಿ ತಾನಾಗಿಯೇ ಏಳುತ್ತದಲ್ಲ, ಆ ಅಣಬೆಯ ವಿಷಯ. ಪೀಠದ ಮೇಲೆ ಕುಳಿತವರಿಗೆ ಅಣಬೆಯ ಗೊಡವೆ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಎರಡು ದಿನ ಬಾಳಿ ಬಾಡಿಹೋಗುವ ಈ ಜೀವ ಒಂದು ಮನೆಯಲ್ಲಿ ಎರಡು ತಿಂಗಳ ಕಾಲ ಅತ್ತೆ ಸೊಸೆಯರ ಮಾತನ್ನೇ ನಿಲ್ಲಿಸಿತ್ತು. ಆದ್ದರಿಂದ ಈ ಮಾತನ್ನು ನಿಮ್ಮೆಲ್ಲರ ಮುಂದೆಯೇ ಆಡಬೇಕೆಂದು ನಮಗೆ ತೋರಿತು.

ಹಿಂದೆ ನಮ್ಮ ಮನೆಗಳಿಗೆ ಅಂಗಳವಿತ್ತು, ಹಿತ್ತಲಿತ್ತು. ಅಣಬೆ ಎದ್ದರೆ ತಿಪ್ಪೆಯ ಬದಿಯಲ್ಲಿಯೋ ಹುತ್ತದ ಮೇಲೋ ಏಳುತ್ತಿತ್ತು. ಕಂಡವರು ಕಂಡರು, ದಾಟಿ ಹೋದರು. ಈಗ ಮಕ್ಕಳು ಪಟ್ಟಣ ಸೇರಿದ್ದಾರೆ. ಐದನೆಯ ಅಂತಸ್ತು, ಹತ್ತನೆಯ ಅಂತಸ್ತು ಎಂದು ಮನೆ ಮಾಡಿಕೊಂಡಿದ್ದಾರೆ. ಕಾಲಿಗೆ ಮಣ್ಣು ಸಿಗದ ಆ ಮನೆಗಳಲ್ಲಿ ಮಣ್ಣನ್ನು ಕುಂಡದಲ್ಲಿ ತುಂಬಿಕೊಂಡು ಪಡಸಾಲೆಗೆ ತಂದಿಟ್ಟಿದ್ದಾರೆ. ಅದು ಒಳ್ಳೆಯದೇ. ಆದರೆ ಮಣ್ಣನ್ನು ಒಳಗೆ ಕರೆದ ಮೇಲೆ ಮಣ್ಣಿನ ಜೊತೆಗಾರರೂ ಬರುತ್ತಾರೆ. ಅವರನ್ನು ಕಂಡು ನಾವು ಬೆಚ್ಚಿ ಬೀಳುತ್ತೇವೆ.

ಕೆಲವು ದಿನಗಳ ಹಿಂದೆ ಒಬ್ಬ ಹಿರಿಯ ತಾಯಿ ತಮ್ಮ ಸೊಸೆಯನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಯಜಮಾನರು ಲಿಂಗೈಕ್ಯರಾದ ಮೇಲೆ ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿ ಮಗನ ಬಳಿ ಇರುವವರು. ನಿತ್ಯದ ಲಿಂಗಪೂಜೆಗೆ ಪತ್ರೆ ಬೇಕಲ್ಲ. ಅದಕ್ಕಾಗಿ ಒಂದು ಬಿಲ್ವದ ಸಸಿಯನ್ನು ನರ್ಸರಿಯಿಂದ ತರಿಸಿ, ಕುಂಡದಲ್ಲಿ ನೆಡಿಸಿ, ಪಡಸಾಲೆಯ ಕಿಟಕಿಯ ಬಳಿ ಇಟ್ಟುಕೊಂಡಿದ್ದರು. ಮಳೆಗಾಲದ ಒಂದು ಬೆಳಿಗ್ಗೆ ಎದ್ದು ನೋಡುತ್ತಾರೆ, ಸಸಿಯ ಬುಡದಲ್ಲಿ ಅರಿಶಿನ ಮೆತ್ತಿದಂಥ ಹಳದಿ ಬಣ್ಣದ ಏಳೆಂಟು ಅಣಬೆಗಳು! ಮರುದಿನ ಸಂಜೆಯ ಹೊತ್ತಿಗೆ ಅವು ಬಾಡಿ ಬಿದ್ದವು. ವಾರ ಕಳೆಯುವುದರೊಳಗೆ ಮತ್ತೆ ಎದ್ದವು. ಆ ತಾಯಿ ನಮ್ಮ ಮುಂದೆ ಕೈಮುಗಿದು, "ಬುದ್ಧೀ, ಇವಳು ಹೊರಗಾದ ದಿನವೇ ಗಿಡಕ್ಕೆ ನೀರು ಹಾಕಿದ್ದಾಳೆ. ಬೇಡವೆಂದರೂ ಕೇಳಲಿಲ್ಲ. ಅದಕ್ಕೇ ಹೀಗಾಯಿತು. ಆ ಪತ್ರೆ ಇನ್ನು ಲಿಂಗಕ್ಕೆ ಸಲ್ಲುತ್ತದೆಯೇ? ಕುಂಡವನ್ನು ಎಸೆದುಬಿಡಲೇ? ಅಪ್ಪಣೆಯಾಗಬೇಕು" ಎಂದರು. ಸೊಸೆ ಓದಿದ ಹೆಣ್ಣುಮಗಳು, ಕೆಲಸಕ್ಕೆ ಹೋಗುವವಳು. ಅವಳು ಒಂದು ಮಾತನ್ನೂ ಆಡಲಿಲ್ಲ. ನೆಲವನ್ನು ನೋಡುತ್ತ ನಿಂತಿದ್ದಳು.

ಇದಕ್ಕೆ ತಿರುಗುಮುರುಗಾದ ಸಂಗತಿಯೊಂದನ್ನು ಇನ್ನೊಬ್ಬ ಭಕ್ತರಿಂದ ಕೇಳಿದ್ದೆವು. ಅವರ ನೆರೆಮನೆಯಲ್ಲಿ ಮನಿಪ್ಲಾಂಟಿನ ಕುಂಡದಲ್ಲಿ ಇದೇ ಹಳದಿ ಅಣಬೆ ಎದ್ದಿತು. ಗಿಡದ ಹೆಸರಿನಲ್ಲಿಯೇ ದುಡ್ಡಿದೆ, ಅಣಬೆಗೆ ಬಂಗಾರದ ಬಣ್ಣವಿದೆ, ಇನ್ನೇನು ಬೇಕು? ಲಕ್ಷ್ಮಿಯೇ ಬಂದಳು ಎಂದರು. ಕುಂಕುಮ ಇಟ್ಟರು, ಕರ್ಪೂರ ಬೆಳಗಿದರು, ಅಕ್ಕಪಕ್ಕದವರು ಬಂದು ಕಣ್ಣಿಗೊತ್ತಿಕೊಂಡರು. ದೊಡ್ಡವರೆಲ್ಲ ಮುಟ್ಟುವುದನ್ನು ಕಂಡ ಎರಡು ವರ್ಷದ ಮಗು ತಾನೂ ಕೈಹಾಕಿ ಒಂದನ್ನು ಕಿತ್ತು ಬಾಯಿಗಿಟ್ಟುಕೊಂಡಿತು. ವಾಂತಿಯ ಮೇಲೆ ವಾಂತಿ. ಆಸ್ಪತ್ರೆಗೆ ಓಡಿದರು. ಶಿವನ ದಯೆಯಿಂದ ಮಗು ಉಳಿಯಿತು.

ನೋಡಿ, ಅಣಬೆ ಒಂದೇ. ಒಂದು ಮನೆಯಲ್ಲಿ ಅದು ಮೈಲಿಗೆಯ ಗುರುತಾಯಿತು, ಇನ್ನೊಂದು ಮನೆಯಲ್ಲಿ ದೇವತೆಯಾಯಿತು. ಅಲ್ಲಿ ಒಬ್ಬ ಹೆಣ್ಣುಮಗಳ ಮನಸ್ಸು ನೊಂದಿತು, ಇಲ್ಲಿ ಒಂದು ಕೂಸಿನ ಜೀವಕ್ಕೆ ಕುತ್ತು ಬಂದಿತು. ಇದು ಏನು, ಎಲ್ಲಿಂದ ಬಂತು, ಏಕೆ ಬಂತು ಎಂದು ವಿಚಾರಿಸಿದವರು ಎರಡು ಮನೆಯಲ್ಲಿಯೂ ಇರಲಿಲ್ಲ. ಆ ವಿಚಾರವನ್ನು ನಾವೆಲ್ಲ ಸೇರಿ ಈಗ ಮಾಡೋಣ.

ಕನ್ನಡದಲ್ಲಿ ಅಣಬೆ ಎನ್ನುತ್ತೇವೆ, ನಾಯಿಕೊಡೆ ಎನ್ನುತ್ತೇವೆ. ಸಂಸ್ಕೃತದಲ್ಲಿ ಛತ್ರಾಕ, ಶಿಲೀಂಧ್ರ ಎಂಬ ಹೆಸರುಗಳಿವೆ. ಕೊಡೆಯಂತೆ, ಛತ್ರಿಯಂತೆ ಕಾಣುವ ಭಾಗಕ್ಕೆ ನಾವು ಹೆಸರಿಟ್ಟೆವು. ಆದರೆ ಆ ಜೀವದ ಬಹುಭಾಗ ಮಣ್ಣಿನ ಒಳಗಿದೆ. ಅಲ್ಲಿ ಅದು ನೂಲಿಗಿಂತ ಸಣ್ಣ ಎಳೆಗಳ ಬಲೆಯಾಗಿ ಹರಡಿಕೊಂಡಿರುತ್ತದೆ. ಮಾವಿನ ಮರವನ್ನು ಪೂರ್ತಿಯಾಗಿ ಮಣ್ಣಿನಲ್ಲಿ ಹೂತು ಹಣ್ಣನ್ನು ಮಾತ್ರ ಮೇಲೆ ಬಿಟ್ಟರೆ ಹೇಗಿರುತ್ತದೋ ಹಾಗೆ. ನಮ್ಮ ಕಣ್ಣಿಗೆ ಬೀಳುವ ಕೊಡೆ ಅದರ ಫಲ. ಆ ಕೊಡೆಯ ಕೆಳಗಿನ ಮಡಿಕೆಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಗಳು ಉದುರಿ ಗಾಳಿಯಲ್ಲಿ ತೇಲಿಹೋಗುತ್ತವೆ. ಅಷ್ಟಾದ ಮೇಲೆ ಕೊಡೆಯ ಕೆಲಸ ಮುಗಿಯಿತು. ಅದು ಕುಸಿದು ಮಣ್ಣು ಸೇರುತ್ತದೆ.

ಇದು ಗಿಡದ ಜಾತಿಯೂ ಅಲ್ಲ, ಪ್ರಾಣಿಯ ಜಾತಿಯೂ ಅಲ್ಲ. ಗಿಡಕ್ಕೆ ಹಸಿರು ಕೊಡುವ ಪತ್ರಹರಿತ್ತು ಇದಕ್ಕಿಲ್ಲ. ಬಿಸಿಲಿನಿಂದ ಅನ್ನ ಮಾಡಿಕೊಳ್ಳಲು ಬಾರದು. ಪ್ರಾಣಿಗಳಂತೆ ನುಂಗಲು ಬಾಯಿಯೂ ಇಲ್ಲ. ಬಹುಕಾಲ ಇದನ್ನು ಸಸ್ಯಗಳ ಸಾಲಿನಲ್ಲಿಯೇ ಎಣಿಸುತ್ತಿದ್ದರು. 1969ರಲ್ಲಿ ವಿಟೇಕರ್ ಎಂಬ ಅಮೆರಿಕದ ವಿಜ್ಞಾನಿ ಜೀವರಾಶಿಯನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಅವುಗಳದೇ ಒಂದು ಸಾಮ್ರಾಜ್ಯ ದೊರೆಯಿತು. ಇದು ಉಣ್ಣುವ ರೀತಿಯೇ ಬೇರೆ. ನಾವು ಉಂಡು ಹೊಟ್ಟೆಯೊಳಗೆ ಅರಗಿಸುತ್ತೇವೆ. ಅಣಬೆ ತನ್ನ ಎಳೆಗಳಿಂದ ಪಾಚಕರಸವನ್ನು ಹೊರಗೆ ಬಿಟ್ಟು, ಆಹಾರವನ್ನು ಹೊರಗಡೆಯೇ ಅರಗಿಸಿ, ಅನಂತರ ಹೀರಿಕೊಳ್ಳುತ್ತದೆ.

ಆ ಆಹಾರ ಯಾವುದು? ಕುಂಡದ ಮಣ್ಣು ಎಂದು ನಾವು ಕರೆಯುವುದರಲ್ಲಿ ಏನೇನಿರುತ್ತದೆ ಎಂಬುದನ್ನು ನೆನೆಸಿಕೊಳ್ಳಿ. ಕೊಳೆತ ಎಲೆ, ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ, ಮರದ ಸಣ್ಣ ಚೂರು. ಎಲ್ಲವೂ ಒಂದು ಕಾಲಕ್ಕೆ ಜೀವವಿದ್ದು ಈಗ ಸತ್ತ ಪದಾರ್ಥ. ಹಳದಿ ಅಣಬೆ ತಿನ್ನುವುದು ಅದನ್ನು. ಜೀವಂತ ಬೇರಿಗೆ ಅದು ಬಾಯಿ ಹಾಕುವುದಿಲ್ಲ. ಸತ್ತದ್ದನ್ನು ಮುರಿದು, ಪುಡಿ ಮಾಡಿ, ಅದರಲ್ಲಿ ಕಟ್ಟಿಹೋಗಿದ್ದ ಸಾರವನ್ನು ಮತ್ತೆ ಮಣ್ಣಿಗೆ ಬಿಡುತ್ತದೆ. ಆ ಸಾರವನ್ನು ಗಿಡದ ಬೇರು ಹೀರಿಕೊಳ್ಳುತ್ತದೆ. ಕುಂಡದಲ್ಲಿ ಅಣಬೆ ಎದ್ದರೆ ಗಿಡಕ್ಕೆ ರೋಗ ಬಂದಿದೆ ಎಂದು ತಿಳಿಯಬೇಕಾಗಿಲ್ಲ. ಮಣ್ಣು ಸತ್ತಿಲ್ಲ, ಒಳಗೆ ಕೆಲಸ ನಡೆದಿದೆ ಎಂದು ತಿಳಿಯಬೇಕು.

ಹಾಗಾದರೆ ಅದು ಒಳಗೆ ಬಂದದ್ದು ಯಾವಾಗ? ನರ್ಸರಿಯ ಗೊಬ್ಬರದಲ್ಲಿ, ನಾರಿನ ಪುಡಿಯಲ್ಲಿ, ಸಸಿಯ ಬೇರಿಗೆ ಅಂಟಿದ ಮಣ್ಣಿನಲ್ಲಿ ಬೀಜಕವೋ ಎಳೆಯೋ ಮೊದಲೇ ಇರುತ್ತದೆ. ಕುಂಡ ಮನೆಗೆ ಬಂದ ದಿನವೇ ಅದೂ ಬಂದಿರುತ್ತದೆ. ತಿಂಗಳುಗಟ್ಟಲೆ ಕಾಣದೆ ಇದ್ದು, ಹವೆ ಬೆಚ್ಚಗಾಗಿ ಮಣ್ಣು ಒದ್ದೆಯಾಗಿ ನಿಂತಾಗ ಕೊಡೆ ಎತ್ತುತ್ತದೆ. ನಾವು ಅಣಬೆ ಇಂದು ಬಂತು ಎನ್ನುತ್ತೇವೆ. ಅದು ಇಂದು ಕಂಡಿತು ಎನ್ನಬೇಕು. ನಿನ್ನೆ ಯಾರು ನೀರು ಹಾಕಿದರು ಎಂದು ಹುಡುಕಿ ಅವರ ತಲೆಗೆ ಕಟ್ಟುವುದು ನ್ಯಾಯವೇ?

ಈ ಹಳದಿ ಅಣಬೆಗೆ ಒಂದು ಚರಿತ್ರೆಯೂ ಇದೆ. ಇದು ಉಷ್ಣದೇಶಗಳ ಜೀವ. ಯುರೋಪಿನ ಚಳಿಯಲ್ಲಿ ಅದು ಬಯಲಿನಲ್ಲಿ ಬಾಳಲಾರದು. ಆದರೂ ಅಲ್ಲಿನ ಶ್ರೀಮಂತರು ಬಿಸಿದೇಶದ ಗಿಡಗಳನ್ನು ಸಾಕಲು ಗಾಜಿನ ಮನೆ ಕಟ್ಟಿಸಿ ಒಳಗೆ ಬಿಸಿ ಇಟ್ಟರಲ್ಲ, ಆ ಗಾಜಿನ ಮನೆಗಳಲ್ಲಿ ಇದು ಕಾಣಿಸಿಕೊಂಡಿತು. ಪ್ರಾಗ್ ನಗರದ ಒಂದು ಗಾಜಿನ ಮನೆಯಲ್ಲಿ ಅನಾನಸ್ ಗಿಡಗಳ ನಡುವೆ ಎದ್ದ ಹಳದಿ ಅಣಬೆಯನ್ನು ಬಿರ್ನ್‌ಬೌಮ್ ಎಂಬ ತೋಟದ ಮೇಲ್ವಿಚಾರಕ ಕಂಡನು. ಕೋರ್ಡಾ ಎಂಬ ವಿದ್ವಾಂಸ 1839ರಲ್ಲಿ ಅದನ್ನು ವರ್ಣಿಸಿ ಅವನ ಹೆಸರನ್ನೇ ಇಟ್ಟನು. 1962ರಲ್ಲಿ ಸಿಂಗರ್ ಎಂಬುವನು ಅದನ್ನು ಈಗಿನ ಕುಲಕ್ಕೆ ಸೇರಿಸಿದ ಮೇಲೆ ಅದರ ಶಾಸ್ತ್ರೀಯ ನಾಮ ಲ್ಯೂಕೋಕೊಪ್ರಿನಸ್ ಬಿರ್ನ್‌ಬೌಮಿ ಎಂದಾಯಿತು. ಇಂದು ಲೋಕದ ಯಾವ ದೇಶದಲ್ಲಿ ಜನ ಮನೆಯೊಳಗೆ ಕುಂಡ ಇಟ್ಟುಕೊಂಡರೂ ಇದು ಅಲ್ಲಿ ಏಳಬಹುದು. ಪ್ರಾಗಿನ ಆ ಗಾಜಿನ ಮನೆಯಲ್ಲಿ ಯಾರ ಮೈಲಿಗೆ ಇತ್ತು? ಅಲ್ಲಿ ಇದ್ದದ್ದು ಬಿಸಿ, ತೇವ, ಕೊಳೆತ ಗೊಬ್ಬರ. ಬೆಂಗಳೂರಿನ ಕಿಟಕಿಯ ಬಳಿ ಇದ್ದದ್ದೂ ಅದೇ.

ಆ ತಾಯಿಗೆ ನಾವು ಇದನ್ನೆಲ್ಲ ಹೇಳಿದೆವು. ಹೇಳಿ ಒಂದು ಪ್ರಶ್ನೆ ಕೇಳಿದೆವು: "ಅಮ್ಮಾ, ಉಳಿದ ದಿನ ನೀವು ಹಾಕುತ್ತಿದ್ದ ನೀರು ಯಾವ ನಲ್ಲಿಯದು? ಸೊಸೆ ಹಾಕಿದ ನೀರು ಯಾವ ನಲ್ಲಿಯದು?" "ಒಂದೇ ನಲ್ಲಿ, ಬುದ್ಧೀ" ಎಂದರು. "ನಿಮ್ಮ ಕೊರಳಲ್ಲಿ ಇರುವುದು ಏನು? ಅವಳ ಕೊರಳಲ್ಲಿ ಇರುವುದು ಏನು?" ಎಂದೆವು. ಅವರು ತಮ್ಮ ಇಷ್ಟಲಿಂಗವನ್ನು ಮುಟ್ಟಿ ನೋಡಿಕೊಂಡು ಸುಮ್ಮನಾದರು.

ಬಂಧುಗಳೇ, ಇದು ನಮ್ಮ ಧರ್ಮದ ಮೂಲದ ಮಾತು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲ ಎಂದು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದರು. ಎಂಟುನೂರು ವರ್ಷಗಳ ಮೇಲಾಯಿತು. ತಿಂಗಳ ಆ ದಿನಗಳಲ್ಲಿ ಹೆಣ್ಣುಮಗಳ ಕೊರಳಿನಿಂದ ಲಿಂಗವನ್ನು ತೆಗೆಯುವುದಿಲ್ಲ. ಲಿಂಗವೇ ಅವಳನ್ನು ಬಿಡದಿರುವಾಗ, ಲಿಂಗಕ್ಕೆ ಏರುವ ಪತ್ರೆಯ ಗಿಡಕ್ಕೆ ಅವಳು ನೀರು ಹಾಕಬಾರದೆಂದು ಹೇಳುವ ಅಧಿಕಾರ ಯಾರಿಗಿದೆ? ಬೀಗ ಹಾಕಿ ಬಂದ ಊರಿನ ಮನೆಯಿಂದ ಹಳೆಯ ಅಂಜಿಕೆಗಳು ಬೀಗ ಒಡೆದು ನಮ್ಮ ಹಿಂದೆಯೇ ಬರುತ್ತವೆ. ಆ ತಾಯಿಯನ್ನು ನಾವು ಜರೆಯುವುದಿಲ್ಲ. ಊರು ಬಿಟ್ಟು, ಹಿತ್ತಲು ಬಿಟ್ಟು, ಕೈಹಿಡಿದವರನ್ನು ಕಳೆದುಕೊಂಡು ಬಂದವರು. ತಮ್ಮದು ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ಅವರಿಗೆ ಉಳಿದಿದ್ದದ್ದು ಒಂದು ಸಸಿ. ಅದರ ಬುಡದಲ್ಲಿ ಕಾಣದ್ದು ಕಂಡಾಗ ಜೀವ ಹೆದರಿತು. ಹೆದರಿದವರು ಹತ್ತಿರ ಯಾರಿದ್ದಾರೋ ಅವರ ಮೇಲೆಯೇ ಕೈ ತೋರುತ್ತಾರೆ. ಆ ಕೈ ಬಹಳ ಸಲ ಮನೆಗೆ ಬಂದ ಸೊಸೆಯ ಕಡೆಗೇ ಹೋಗುತ್ತದೆ ಎಂಬುದು ನಮ್ಮ ಸಮಾಜದ ದೋಷ. ಬೆಳೆ ಹೋದರೆ ಅವಳ ಕಾಲ್ಗುಣ, ಹಾಲು ಒಡೆದರೆ ಅವಳ ಕೈಗುಣ, ಅಣಬೆ ಎದ್ದರೆ ಅವಳ ಮೈಲಿಗೆ. ಇದನ್ನು ನಾವು ಬಿಡಬೇಕು.

ಪತ್ರೆಯ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಸಲ್ಲುತ್ತದೆ, ಸಂದೇಹ ಬೇಡ. ಅಣಬೆ ಬೆಳೆದದ್ದು ಸತ್ತ ಎಲೆ ನಾರುಗಳ ಮೇಲೆ. ಬಿಲ್ವದ ಎಲೆಯಲ್ಲಿ ಅದು ಇಲ್ಲ. ಎಂದಿನಂತೆ ಪತ್ರೆಯನ್ನು ತೊಳೆದು ಲಿಂಗಕ್ಕೆ ಏರಿಸಿ. ನಾಳೆಯಿಂದ ನೀರಿನ ತಂಬಿಗೆಯನ್ನು ನೀವೇ ಸೊಸೆಯ ಕೈಗೆ ಕೊಡಿ ಎಂದೂ ಆ ತಾಯಿಗೆ ಅಪ್ಪಣೆ ಕೊಟ್ಟೆವು. ಆಗ ಆ ಹೆಣ್ಣುಮಗಳು ಮೊದಲ ಸಲ ತಲೆ ಎತ್ತಿದಳು.

ಇನ್ನು, ಪಂಡಿತರಾದ ಕೆಲವರು ಧರ್ಮಶಾಸ್ತ್ರದ ಮಾತು ಎತ್ತಬಹುದು. ಮನುಸ್ಮೃತಿಯಲ್ಲಿ ಛತ್ರಾಕವನ್ನು ತಿನ್ನಬಾರದ ಪದಾರ್ಥಗಳಲ್ಲಿ ಹೇಳಿರುವುದು ನಿಜ. ಅದು ಊಟದ ಎಲೆಗೆ ಸಂಬಂಧಿಸಿದ ಮಾತು. ತಿನ್ನಬೇಡ ಎಂದದ್ದಕ್ಕೆ, ಕಂಡರೆ ಕೇಡು ಎಂಬ ಅರ್ಥ ಹೇಗೆ ಹೊರಟೀತು? ಪಾಠಶಾಲೆಯಲ್ಲಿ ಮೇಘದೂತ ಓದಿದವರು ಇನ್ನೊಂದು ಮಾತನ್ನೂ ನೆನೆಯಬೇಕು. ಮೋಡದ ಗುಡುಗಿಗೆ ನೆಲದಿಂದ ಅಣಬೆಗಳು ಏಳುವುದನ್ನು ಮಹಾಕವಿ ಕಾಳಿದಾಸ ಭೂಮಿ ಬಂಜೆಯಲ್ಲ ಎಂಬುದರ ಗುರುತಾಗಿ ಕಂಡಿದ್ದಾನೆ. ಗುಡುಗಿದರೆ ಅಣಬೆ ಏಳುತ್ತದೆ ಎಂದು ನಮ್ಮ ಹಳ್ಳಿಯ ಅಜ್ಜಿಯರೂ ಹೇಳುತ್ತಾರೆ. ಒಕ್ಕಲುಮಕ್ಕಳಿಗೂ ಕವಿಗೂ ಶುಭವಾಗಿ ಕಂಡದ್ದು ಪಡಸಾಲೆಗೆ ಬಂದ ಕೂಡಲೇ ಅಶುಭವಾಗಲು ಕಾರಣವಿಲ್ಲ.

ಆದರೆ ಎಚ್ಚರಿಕೆಯ ಮಾತುಗಳನ್ನೂ ಹೇಳದೆ ಇರಲಾಗದು. ತಾಯಂದಿರು ಗಮನವಿಟ್ಟು ಕೇಳಬೇಕು. ಮೊದಲನೆಯದು, ಕುಂಡದಲ್ಲಿ ಎದ್ದ ಅಣಬೆಯನ್ನು ಯಾರೂ ತಿನ್ನಕೂಡದು. ಹಳದಿಯದನ್ನು ತಿಂದರೆ ಹೊಟ್ಟೆ ಕೆಡುತ್ತದೆ, ವಾಂತಿಯಾಗುತ್ತದೆ. ಕುಂಡಗಳಲ್ಲಿ ಕಂದು ಬಣ್ಣದ, ಬೂದು ಬಣ್ಣದ ಸಣ್ಣ ಅಣಬೆಗಳೂ ಏಳುವುದುಂಟು. ಅಂಥವುಗಳಲ್ಲಿ ಕೆಲವು ಪ್ರಾಣಕ್ಕೇ ಎರವಾಗುವ ವಿಷದವು. ಬೆಳ್ಳಿಯ ನಾಣ್ಯ ಹಾಕಿ ಬೇಯಿಸಿದರೆ ವಿಷ ತಿಳಿಯುತ್ತದೆ, ಅರಿಶಿನ ಹಾಕಿದರೆ ವಿಷ ಹೋಗುತ್ತದೆ ಎಂಬ ಮಾತುಗಳನ್ನು ನಂಬಬೇಡಿ. ಪೇಟೆಯಲ್ಲಿ ಮಾರುವ ಅಣಬೆ ತಿಳಿದವರು ಬೇರೆಯಾಗಿ ಬೆಳೆಸಿದ್ದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಟ್ಟಿದರೆ ಭಯವಿಲ್ಲ, ಕೈ ತೊಳೆದುಕೊಂಡರೆ ಸಾಕು.

ಎರಡನೆಯದು, ಮನೆಯಲ್ಲಿ ಅಂಬೆಗಾಲಿಡುವ ಕೂಸು, ನಾಯಿ, ಬೆಕ್ಕು ಇದ್ದರೆ ಕುಂಡವನ್ನು ಅವಕ್ಕೆ ಎಟುಕದ ಕಡೆ ಇಡಿ. ಅಣಬೆ ಕಂಡ ಕೂಡಲೇ, ಅದು ಕೊಡೆ ಬಿಚ್ಚುವ ಮೊದಲೇ ಬುಡಸಹಿತ ಕಿತ್ತು ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ. ಬೀಜಕ ಉದುರುವ ಮೊದಲೇ ತೆಗೆದರೆ ಉಬ್ಬಸದ ರೋಗಿಗಳಿಗೂ ಒಳ್ಳೆಯದು. ಮಗು ಬಾಯಿಗೆ ಹಾಕಿಕೊಂಡುಬಿಟ್ಟರೆ ಬಾಯಲ್ಲಿ ಉಳಿದದ್ದನ್ನು ತೆಗೆದು, ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಅಣಬೆಯ ಒಂದು ಚೂರನ್ನೂ ಕಾಗದದಲ್ಲಿ ಸುತ್ತಿಕೊಂಡು ಹೋಗಿ ತೋರಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ದೃಷ್ಟಿ ತೆಗೆಯುತ್ತ ಹೊತ್ತು ಕಳೆಯುವುದು ಬೇಡ.

ಮೂರನೆಯದು, ಮೇಲಿನ ಕೊಡೆಯನ್ನು ಕಿತ್ತ ಮಾತ್ರಕ್ಕೆ ಅಣಬೆ ಹೋಗುವುದಿಲ್ಲ, ಎಳೆಗಳ ಬಲೆ ಒಳಗೆ ಇದ್ದೇ ಇರುತ್ತದೆ. ಅದಕ್ಕೆಂದು ವಿಷದ ಔಷಧ ಸುರಿಯಬೇಡಿ. ಮನೆಯೊಳಗೆ ಆ ವಿಷವೇ ಅಣಬೆಗಿಂತ ಕೆಟ್ಟದ್ದು. ಪದೇ ಪದೇ ಏಳುತ್ತಿದ್ದರೆ ಮಣ್ಣು ಸದಾ ಒದ್ದೆಯಾಗಿದೆ ಎಂದು ತಿಳಿಯಿರಿ. ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. ಕುಂಡದ ತಳದ ತೂತು ಮುಚ್ಚಿಹೋಗಿದ್ದರೆ ಬಿಡಿಸಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಬಿದ್ದ ಎಲೆಗಳನ್ನು ಆರಿಸಿ. ಬಿಲ್ವ ಬಿಸಿಲನ್ನು ಬಯಸುವ ಗಿಡ. ನೀರು ನಿಂತರೆ ಅದರ ಬೇರು ಕೊಳೆಯುತ್ತದೆ. ಅಣಬೆಯಿಂದ ಸಾಯದ ಗಿಡ ನಮ್ಮ ಅತಿ ಉಪಚಾರದಿಂದ ಸಾಯುತ್ತದೆ. ಅತ್ತೆ ಒಂದು ತಂಬಿಗೆ, ಅವರಿಗೆ ತಿಳಿಯದಂತೆ ಸೊಸೆ ಒಂದು ತಂಬಿಗೆ ಹಾಕಿದರೆ ಗಿಡದ ಗತಿ ಏನು? ಒಬ್ಬರಿಗೊಬ್ಬರು ಹೇಳಿ ಹಾಕಬೇಕು. ಮಾತು ನಿಂತ ಮನೆಯಲ್ಲಿ ಗಿಡಕ್ಕೂ ಕಷ್ಟವೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯಿತು. ಕಾಡಿನಲ್ಲಿ ವರ್ಷವರ್ಷವೂ ಉದುರುವ ಎಲೆ, ಮುರಿದು ಬೀಳುವ ಕೊಂಬೆ, ಒಣಗಿ ಉರುಳುವ ಮರ ಎಲ್ಲಿಗೆ ಹೋಗುತ್ತವೆ? ಮರವನ್ನು ಗಟ್ಟಿಯಾಗಿ ನಿಲ್ಲಿಸುವ ಸತ್ವವನ್ನು ಕರಗಿಸುವುದು ಸುಲಭವಲ್ಲ. ಆ ಕೆಲಸದ ಬಹುಪಾಲನ್ನು ಮಾಡುವವು ಶಿಲೀಂಧ್ರಗಳು. ಅವು ಕೆಲಸ ನಿಲ್ಲಿಸಿದರೆ ಸತ್ತದ್ದು ಸತ್ತಲ್ಲಿಯೇ ರಾಶಿ ಬೀಳುತ್ತದೆ. ಹೊಸ ಸಸಿಗೆ ಸಾರ ದೊರೆಯದು. ಯಾರೂ ನೋಡದ ಕತ್ತಲಲ್ಲಿ, ಯಾರ ಹೊಗಳಿಕೆಯನ್ನೂ ಬಯಸದೆ, ಅದು ತನ್ನ ಕಾಯಕವನ್ನು ಮಾಡುತ್ತಿದೆ. ಎಂದೋ ಒಂದು ದಿನ ಬೆಳಕಿಗೆ ತಲೆ ಎತ್ತಿದರೆ ನಾವು ಅದನ್ನು ಅಪಶಕುನ ಎನ್ನುತ್ತೇವೆ, ಇಲ್ಲವೇ ಕರ್ಪೂರ ಹಚ್ಚುತ್ತೇವೆ. ಅದಕ್ಕೆ ಎರಡೂ ಬೇಕಾಗಿಲ್ಲ.

ನಿಮ್ಮ ಮನೆಗಳಲ್ಲಿಯೂ ಹೀಗೆ ಕಾಣದೆ ಕೆಲಸ ಮಾಡುವವರು ಇದ್ದಾರೆ. ಅಡಿಗೆಮನೆಯಲ್ಲಿ ಇದ್ದಾರೆ, ಬಚ್ಚಲಮನೆ ತೊಳೆಯುವವರಲ್ಲಿ ಇದ್ದಾರೆ, ಕಸದ ಗಾಡಿಯ ಹಿಂದೆ ನಡೆಯುವವರಲ್ಲಿ ಇದ್ದಾರೆ. ಕೊಳೆತದ್ದನ್ನು ಎತ್ತುವ ಕೈಯನ್ನೇ ಕೊಳಕು ಎನ್ನುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಆ ರೂಢಿಯನ್ನು ಮುರಿಯಲೆಂದೇ ಶರಣರು ಎಲ್ಲ ಕಾಯಕಗಳನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದರು. ಮಳೆಗಾಲ ಇನ್ನೂ ಮುಗಿದಿಲ್ಲ. ನಿಮ್ಮಲ್ಲಿ ಹಲವರ ಕುಂಡಗಳಲ್ಲಿ ಅಣಬೆ ಏಳಬಹುದು. ಎದ್ದರೆ ಹತ್ತಿರ ಕುಳಿತು ಒಂದು ಸಲ ನೋಡಿ, ಮಕ್ಕಳಿಗೆ ದೂರದಿಂದ ತೋರಿಸಿ ಹೆಸರು ಹೇಳಿಕೊಡಿ, ಆಮೇಲೆ ತೆಗೆದು ಹಾಕಿ. ಯಾರಿಂದ ಬಂತು ಎಂದು ಮಾತ್ರ ಕೇಳಬೇಡಿ.

ನಿಮ್ಮೆಲ್ಲರ ಮನೆಗಳಲ್ಲಿ ಗಿಡವೂ ಮಾತೂ ಹಸಿರಾಗಿರಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.